ಕನ್ನಡ ಪುಸ್ತಕ ಎಲ್ಲಿ ಕೊಳ್ಳುವುದು? ಅಂಗಡಿ, ಅಂಚೆ, ಆ್ಯಪ್‌ಗಳ ನಡುವೆ ಒಂದು ಆಯ್ಕೆ

ಪುಸ್ತಕದಂಗಡಿಗಳ ಕಾಲ ಮುಗಿಯಿತು ಎಂಬ ಹಳಹಳಿಕೆ ಬಹಳ ವರ್ಷಗಳಿಂದ ಕೇಳಿಬರುತ್ತಲೇ ಇದೆ. 2009ರಲ್ಲಿ ಬೆಂಗಳೂರಿನ ಪ್ರೀಮಿಯರ್ ಬಾಗಿಲು ಹಾಕಿತು, 2012ರಲ್ಲಿ ಮಂಗಳೂರಿನ ಅತ್ರಿ ಬುಕ್ ಸೆಂಟರ್, 2018ರಲ್ಲಿ ಮತ್ತೆ ಬೆಂಗಳೂರಿನ ಸ್ಟ್ರಾಂಡ್. ಆ ಅಂಗಡಿಗಳನ್ನು ಹಚ್ಚಿಕೊಂಡವರ ಸಂಕಟ ನಿಜವೇ. ಆದರೆ ಕನ್ನಡ ಪುಸ್ತಕದ ಮಟ್ಟಿಗೆ ಈ ಶೋಕಗೀತೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರಿನಂಥ ನಾಲ್ಕಾರು ಊರು ಬಿಟ್ಟರೆ ಉಳಿದ ಕಡೆ ಇದ್ದದ್ದು ಪಠ್ಯಪುಸ್ತಕ, ನೋಟ್‌ಬುಕ್, ಪಂಚಾಂಗ ಮಾರುವ ಅಂಗಡಿ, ಇಲ್ಲವೇ ಬಸ್‌ಸ್ಟ್ಯಾಂಡಿನ ಪತ್ರಿಕೆ ಸ್ಟಾಲು. ಕಾದಂಬರಿ ಓದುವ ಹಂಬಲವಿದ್ದವರು ಬಾಡಿಗೆ ಕೊಟ್ಟು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತರುತ್ತಿದ್ದರು. ಮುಚ್ಚಿಹೋಗಲು ಅಲ್ಲಿ ಅಂಗಡಿಯೇ ಇರಲಿಲ್ಲ.

ಓದುಗ ಪುಸ್ತಕ ಹುಡುಕಿ ಹೋಗಿದ್ದಕ್ಕಿಂತ, ಪುಸ್ತಕವೇ ಓದುಗನನ್ನು ಹುಡುಕಿಕೊಂಡು ಬಂದದ್ದು ಕನ್ನಡದಲ್ಲಿ ಹೆಚ್ಚು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮನೆಬಾಗಿಲಿಗೆ ಹೋಗಿ ಮಾರಿದರು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಿಂತಿತು. ವರ್ಷದ ಹಣ ಮುಂಚೆಯೇ ಕಟ್ಟಿಸಿಕೊಂಡು ಆ ವರ್ಷದ ಪುಸ್ತಕಗಳನ್ನು ರಿಯಾಯಿತಿ ಬೆಲೆಗೆ ಮನೆಗೆ ಕಳಿಸುವ ಪದ್ಧತಿ ಅದು. ಪ್ರಕಾಶಕರ ಆಯ್ಕೆಯ ಮೇಲಿದ್ದ ವಿಶ್ವಾಸವೇ ಬಂಡವಾಳ. ಇನ್ನೊಂದು ದಾರಿ ವಿ.ಪಿ.ಪಿ.: ಅಂಚೆಯಣ್ಣನ ಕೈಗೆ ದುಡ್ಡು ಕೊಟ್ಟು ಕಟ್ಟು ಬಿಡಿಸಿಕೊಳ್ಳುವುದು. 1960ರಲ್ಲಿ ಶುರುವಾದ ನವಕರ್ನಾಟಕ ಪ್ರಕಾಶನದವರು ಊರೂರಿನಲ್ಲಿ ಪುಸ್ತಕ ಪ್ರದರ್ಶನ ಹಾಕಿ, ಸೋವಿಯತ್ ದೇಶದಲ್ಲಿ ಅಚ್ಚಾದ ಗಟ್ಟಿ ರಟ್ಟಿನ ಕನ್ನಡ ಪುಸ್ತಕಗಳನ್ನು ಚಿಲ್ಲರೆ ಕಾಸಿಗೆ ಕೊಟ್ಟರು.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಇವತ್ತು ಪ್ರಕಾಶಕರಿಗೆ ವಾಟ್ಸ್‌ಆ್ಯಪ್ ಮಾಡಿ, ಯುಪಿಐನಲ್ಲಿ ಹಣ ಹಾಕಿ ಪುಸ್ತಕ ತರಿಸಿಕೊಳ್ಳುವವರು ಹೊಸದೇನನ್ನೋ ಮಾಡುತ್ತಿಲ್ಲ, ಹಳೆಯ ದಾರಿಗೇ ಮರಳಿದ್ದಾರೆ. ಹಾಗಾಗಿ ಅಂಗಡಿಯೋ ಆನ್‌ಲೈನೋ ಎಂದು ಪಕ್ಷ ಕಟ್ಟಿಕೊಂಡು ಜಗಳವಾಡುವುದರಲ್ಲಿ ಅರ್ಥವಿಲ್ಲ. ಎಲ್ಲಿ ಕೊಳ್ಳಬೇಕು ಎಂಬುದನ್ನು ಯಾವ ಬಗೆಯ ಪುಸ್ತಕ ಬೇಕು ಎಂಬುದೇ ತೀರ್ಮಾನಿಸುತ್ತದೆ.

ಹೊಸ ಪುಸ್ತಕ, ಹೆಸರು ಗೊತ್ತಿದೆ: ಪ್ರಕಾಶಕರಿಂದಲೇ ತರಿಸಿ

200 ರೂಪಾಯಿ ಮುಖಬೆಲೆಯ ಒಂದು ಕಾದಂಬರಿ ಎಂದಿಟ್ಟುಕೊಳ್ಳಿ. ಅಂಗಡಿಗೆ ಪ್ರಕಾಶಕರು ಸಾಮಾನ್ಯವಾಗಿ ನಾಲ್ಕರಲ್ಲೊಂದು ಭಾಗದಿಂದ ಮೂರರಲ್ಲೊಂದು ಭಾಗದವರೆಗೆ ಬಿಟ್ಟುಕೊಡಬೇಕು, ನಡುವೆ ವಿತರಕರಿದ್ದರೆ ಇನ್ನೂ ಹೆಚ್ಚು. ಲೇಖಕರ ಗೌರವಧನ ವಾಡಿಕೆಯಂತೆ ಶೇ. 10, ಅಂದರೆ 20 ರೂಪಾಯಿ. ಉಳಿದದ್ದರಲ್ಲಿ ಕಾಗದ, ಅಚ್ಚು, ಮುಖಪುಟ, ಗೋದಾಮು ಎಲ್ಲ ಆಗಬೇಕು. ಅದೂ ಹಣ ಕೈಗೆ ಬರುವುದು ಅಂಗಡಿಯವರು ಲೆಕ್ಕ ಚುಕ್ತಾ ಮಾಡಿದ ಮೇಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆದಮೇಲೆ. ನೀವು ನೇರವಾಗಿ ತರಿಸಿಕೊಂಡರೆ ಪೂರ್ತಿ ಹಣ ಅಂದೇ ಅವರಿಗೆ ಸೇರುತ್ತದೆ. ಸಣ್ಣ ಪ್ರಕಾಶನಕ್ಕೆ ಮುಂದಿನ ಪುಸ್ತಕದ ಕಾಗದ ತರುವ ದುಡ್ಡು ಹೀಗೇ ಹುಟ್ಟುವುದು.

ನಿಮಗೂ ಲಾಭವಿದೆ. ಅನೇಕರು ಶೇ. 10 ರಿಯಾಯಿತಿ ಕೊಡುತ್ತಾರೆ ಅಥವಾ ಅಂಚೆವೆಚ್ಚ ತಾವೇ ಭರಿಸುತ್ತಾರೆ. ಬಿಡುಗಡೆಗೆ ಮುಂಚೆ ಮುಂಗಡ ಕೊಟ್ಟವರಿಗೆ ಇನ್ನೂ ಕಡಿಮೆ ಬೆಲೆ, ಜತೆಗೆ ಲೇಖಕರ ಸಹಿ. ಪ್ರೀ ಆರ್ಡರ್ ಎಂದು ಈಗ ಕರೆಯುವ ಇದು ಗ್ರಂಥಮಾಲೆಯ ಚಂದಾ ಪದ್ಧತಿಯ ಮೊಮ್ಮಗಳೇ.

ತೊಂದರೆಗಳೂ ಇವೆ. ಬಹಳಷ್ಟು ಪ್ರಕಾಶನಗಳು ಒಬ್ಬರೇ ನಡೆಸುವಂಥವು. ಸಂಪಾದಕ, ಲೆಕ್ಕಿಗ, ಕಟ್ಟು ಕಟ್ಟಿ ಅಂಚೆಗೆ ಹಾಕುವವರು ಎಲ್ಲವೂ ಒಬ್ಬರೇ. ಅವರು ಊರಿಗೆ ಹೋದರೆ ನಿಮ್ಮ ಪುಸ್ತಕ ಒಂದು ವಾರ ತಡ. ಕೇಳಿದ ಪುಸ್ತಕಕ್ಕೆ "ಪ್ರತಿಗಳು ಮುಗಿದಿವೆ, ಮರುಮುದ್ರಣ ಆಗ್ತಿದೆ" ಎಂಬ ಉತ್ತರ ಬಂದರೆ, ಆ "ಆಗ್ತಿದೆ" ಒಂದು ತಿಂಗಳೂ ಆಗಬಹುದು, ಎರಡು ವರ್ಷವೂ ಆಗಬಹುದು. ಹಣ ಹಾಕುವ ಮೊದಲು ಪ್ರತಿ ಕೈಯಲ್ಲಿದೆಯೇ ಎಂದು ಕೇಳಿಬಿಡಿ.

ಅಂಚೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಇತ್ತೀಚೆಗೆ ದೊಡ್ಡ ಬದಲಾವಣೆಯಾಗಿದೆ. ಪುಸ್ತಕ ಕಳಿಸಲು ಬಹುಕಾಲ ಅಗ್ಗದ ಆಸರೆಯಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ನಿಲ್ಲಿಸಿತು. ಪ್ರಕಾಶಕರು ಗಾಬರಿಯಾದರು; ಕೆಲವು ತಿಂಗಳು ನೂರೈವತ್ತು ರೂಪಾಯಿಯ ಪುಸ್ತಕಕ್ಕೆ ಅರ್ಧದಷ್ಟು ಕೊರಿಯರ್ ಚಾರ್ಜ್ ಎಂಬಂಥ ಪರಿಸ್ಥಿತಿ ಇತ್ತು. 2025ರ ಮೇ 1ರಿಂದ ಅದರ ಜಾಗಕ್ಕೆ ಜ್ಞಾನ ಪೋಸ್ಟ್ ಬಂತು: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಕಟ್ಟು ಎಲ್ಲಿದೆ ಎಂದು ನೋಡುವ ಅನುಕೂಲವೂ ಇದೆ. ಹೋಗುವುದು ನೆಲದ ಮಾರ್ಗದಲ್ಲಿ, ಆದ್ದರಿಂದ ಅವಸರದವರಿಗಲ್ಲ. ಇನ್ನೂರು ಪುಟದ ಡೆಮಿ ಅಳತೆಯ (ಸಾಮಾನ್ಯ ಕಾದಂಬರಿಯ ಗಾತ್ರದ) ಪುಸ್ತಕ ಸುಮಾರು 250ರಿಂದ 300 ಗ್ರಾಂ ತೂಗುತ್ತದೆ. ಐದು ಕಿಲೋ ಕಟ್ಟಿನಲ್ಲಿ ಅಂಥ ಹದಿನಾರು ಹದಿನೇಳು ಪುಸ್ತಕ ಆರಾಮಾಗಿ ಹಿಡಿಯುತ್ತವೆ, ಅಂದರೆ ಒಂದಕ್ಕೆ ಆರೇಳು ರೂಪಾಯಿ. ಸ್ನೇಹಿತರು ಸೇರಿ ಒಟ್ಟಿಗೆ ತರಿಸಿ ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ.

ಕೊರಿಯರ್ ಬೇಗ, ಆದರೆ ಪಟ್ಟಣದಲ್ಲಿ ಮಾತ್ರ. ಹಳ್ಳಿಯ ವಿಳಾಸ ಕೊಟ್ಟರೆ ಕಟ್ಟು ತಾಲ್ಲೂಕು ಕೇಂದ್ರದಲ್ಲಿ ಕೂತು "ಬಂದು ತಗೊಂಡ್ ಹೋಗಿ ಸಾರ್" ಎಂದು ಫೋನ್ ಬರುತ್ತದೆ. ಹಳ್ಳಿಯಲ್ಲಿರುವವರು ಅಂಚೆಯಲ್ಲೇ ಕಳಿಸಿ ಎಂದು ಮೊದಲೇ ಹೇಳುವುದು ವಾಸಿ.

ದೊಡ್ಡ ಜಾಲತಾಣಗಳು

ಫ್ಲಿಪ್‌ಕಾರ್ಟ್ 2007ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ, ಮೊದಲು ಮಾರಿದ್ದು ಪುಸ್ತಕಗಳನ್ನೇ. ಅಮೆಜಾನ್ ಭಾರತದ ತಾಣ 2013ರ ಜೂನ್‌ನಲ್ಲಿ ಶುರುವಾಯಿತು. ಇಂಗ್ಲಿಷ್ ಪುಸ್ತಕಕ್ಕೆ ಇವುಗಳನ್ನು ಮೀರಿಸುವುದು ಕಷ್ಟ, ಆ ವಿಷಯದಲ್ಲಿ ನನಗೆ ಮಡಿವಂತಿಕೆಯಿಲ್ಲ. ಕನ್ನಡದ ಮಾತು ಬೇರೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬ ಮಾರಾಟಗಾರ ಒಂದೊಂದು ಬಗೆಯಲ್ಲಿ ಬರೆದಿರುತ್ತಾನೆ. ಹಳೆಯ ಎಷ್ಟೋ ಪುಸ್ತಕಗಳಿಗೆ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಇಲ್ಲ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಬಾರದ್ದು ಇಂಗ್ಲಿಷಿನಲ್ಲಿ ಮೂರು ಥರ ತಪ್ಪಾಗಿ ಟೈಪ್ ಮಾಡಿದರೆ ಸಿಕ್ಕಿಬಿಡುತ್ತದೆ!

ಎಚ್ಚರದ ಮಾತು ಬೆಲೆಯದು. ಇಂಥ ತಾಣಗಳಲ್ಲಿ ಮಾರುವವರು ಹಲವರು. 150 ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ಯಾರೋ 400 ಹಾಕಿ ಕೂತಿರಬಹುದು. "ಅಪರೂಪದ್ದಿರಬೇಕು" ಎಂದು ಕೊಳ್ಳುವ ಮುನ್ನ ಪ್ರಕಾಶಕರಿಗೆ ಒಂದು ಫೋನ್ ಮಾಡಿ. ಅದೇ ಪುಸ್ತಕ ಅವರ ಕಪಾಟಿನಲ್ಲಿ ಮುಖಬೆಲೆಗೇ ಇರುವುದು ಅಪರೂಪವೇನಲ್ಲ. ಸಪ್ನ, ನವಕರ್ನಾಟಕದಂಥವರು ತಮ್ಮದೇ ತಾಣಗಳಲ್ಲಿ ಬೇರೆ ಬೇರೆ ಪ್ರಕಾಶನಗಳ ಕನ್ನಡ ಪುಸ್ತಕ ಮಾರುತ್ತಾರೆ. ನಾಲ್ಕು ಪ್ರಕಾಶಕರ ನಾಲ್ಕು ಪುಸ್ತಕ ಒಂದೇ ಕಟ್ಟಿನಲ್ಲಿ ಬೇಕೆಂದರೆ ಅಲ್ಲಿ ನೋಡಿ.

ಅಂಗಡಿಗೆ ಯಾವಾಗ ಹೋಗಬೇಕು

ಏನು ಬೇಕೆಂದು ಗೊತ್ತಿಲ್ಲದಾಗ. ಇದು ತಮಾಷೆಯಲ್ಲ. ಪರದೆ ನೀವು ಹಿಂದೆ ಓದಿದ್ದರ ಥರದ್ದನ್ನೇ ಮತ್ತೆ ಮುಂದೆ ತಂದಿಡುತ್ತದೆ. ಕಾದಂಬರಿ ಹುಡುಕಲು ಹೋಗಿ ಕೆರೆಗಳ ಬಗ್ಗೆಯೋ ತಾಳಮದ್ದಳೆಯ ಬಗ್ಗೆಯೋ ಪುಸ್ತಕ ಹಿಡಿದು ಬರುವುದು ಅಂಗಡಿಯಲ್ಲಿ ಮಾತ್ರ ಆಗುವಂಥದ್ದು. ಬೆಂಗಳೂರಿನಲ್ಲಾದರೆ 1967ರಲ್ಲಿ ಗಾಂಧಿನಗರದಲ್ಲಿ ಶುರುವಾದ ಸಪ್ನ ವಿಸ್ತಾರಕ್ಕೆ ಹೆಸರಾದದ್ದು, ಗಾಂಧಿಬಜಾರಿನ ಅಂಕಿತ ಸಾಹಿತ್ಯಕ್ಕೆ. ಎರಡೂ ಎರಡು ಥರ. ಸಪ್ನದಲ್ಲಿ ಪರೀಕ್ಷಾ ಗೈಡುಗಳ ನಡುವೆ ದಾರಿ ಮಾಡಿಕೊಂಡು ಕನ್ನಡ ವಿಭಾಗ ತಲುಪಬೇಕು, ತಲುಪಿದ ಮೇಲೆ ಸಿಗದ್ದು ಕಡಿಮೆ. ಚಿಕ್ಕ ಅಂಗಡಿಯಲ್ಲಿ ಇರುವುದು ಕಡಿಮೆಯಾದರೂ ಆರಿಸಿ ಇಟ್ಟದ್ದು, ಕೌಂಟರಿನಲ್ಲಿ ಕೂತವರು ಅದನ್ನು ಓದಿರುತ್ತಾರೆ. ಧಾರವಾಡಕ್ಕೆ ಹೋದವರು ಸುಭಾಸ ರಸ್ತೆಯಲ್ಲಿರುವ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತದೆ ಬರಬೇಡಿ.

ಇನ್ನೆರಡು ಬಗೆಯ ಪುಸ್ತಕಗಳನ್ನು ಕಣ್ಣಲ್ಲಿ ನೋಡದೆ ಕೊಳ್ಳಬಾರದು ಎಂಬುದು ನನ್ನ ಪಟ್ಟು. ಒಂದು, ಮಕ್ಕಳ ಪುಸ್ತಕ. ಅಕ್ಷರದ ಗಾತ್ರ, ಚಿತ್ರದ ಬಣ್ಣ, ಒತ್ತಕ್ಷರ ಓದಲು ಬರುವಷ್ಟು ಬಿಡಿಯಾಗಿದೆಯೇ ಎಂಬುದು ಪರದೆಯಲ್ಲಿ ತಿಳಿಯುವುದಿಲ್ಲ. ಇನ್ನೊಂದು, ನಿಘಂಟು. ನಾಲ್ಕು ಪದ ಮನಸ್ಸಿನಲ್ಲಿಟ್ಟುಕೊಂಡು ಹೋಗಿ, ಅವು ಇವೆಯೇ, ಅರ್ಥ ಸರಿಯಾಗಿ ಕೊಟ್ಟಿದ್ದಾರೆಯೇ ಎಂದು ತೆಗೆದು ನೋಡಿ.

ಚಿಕ್ಕ ಅಂಗಡಿಯಲ್ಲಿ ನಿಂತು ಪುಟ ತಿರುವಿ, ಮುಖಪುಟದ ಫೋಟೋ ತೆಗೆದುಕೊಂಡು, ಮನೆಗೆ ಬಂದು ಇಪ್ಪತ್ತು ರೂಪಾಯಿ ಕಡಿಮೆಗೆ ಬೇರೆ ಕಡೆ ತರಿಸುವವರಿದ್ದಾರೆ. ಅವರಿಗೆ ಈ ಲೇಖನದಲ್ಲಿ ಸಲಹೆಯೇನೂ ಇಲ್ಲ.

ಸರ್ಕಾರ, ವಿಶ್ವವಿದ್ಯಾಲಯ, ಪರಿಷತ್ತು: ಅತಿ ಅಗ್ಗ, ಅತಿ ಪ್ರಯಾಸ

ಕನ್ನಡದಲ್ಲಿ ಕೊಟ್ಟ ಕಾಸಿಗೆ ಅತಿ ಹೆಚ್ಚು ತೂಕದ ಓದು ಸಿಗುವುದು ಇಲ್ಲಿ, ಆದರೂ ಬಹುಪಾಲು ಓದುಗರಿಗೆ ಈ ಬಾಗಿಲು ಗೊತ್ತಿಲ್ಲ. 1993ರಲ್ಲಿ ರಾಜ್ಯ ಸರ್ಕಾರ ಹದಿನೈದು ಸಂಪುಟಗಳಲ್ಲಿ ವಚನ ಸಾಹಿತ್ಯವನ್ನು ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟ. ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ (ಅಂದರೆ ಪ್ರಕಟಣಾ ವಿಭಾಗ), ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ, ಅಕಾಡೆಮಿಗಳು, ಕನ್ನಡ ಪುಸ್ತಕ ಪ್ರಾಧಿಕಾರ, ಕೇಂದ್ರ ಸಾಹಿತ್ಯ ಅಕಾಡೆಮಿಯ ಬೆಂಗಳೂರು ಕಚೇರಿ, ಇವೆಲ್ಲ ಸೇರಿ ಹೊರತಂದಿರುವ ಶಾಸನ, ಜಾನಪದ, ಹಸ್ತಪ್ರತಿ, ಸಂಶೋಧನೆಯ ಪುಸ್ತಕಗಳನ್ನು ಖಾಸಗಿ ಪ್ರಕಾಶಕರು ಆ ಬೆಲೆಗೆ ಅಚ್ಚು ಹಾಕುವುದು ಅಸಾಧ್ಯ.

ಪ್ರಯಾಸ ಎಲ್ಲಿ ಎಂದರೆ, ಇವು ಸಾಮಾನ್ಯ ಅಂಗಡಿಗೆ ಬರುವುದೇ ಕಡಿಮೆ. ಮುಖಬೆಲೆ ಅಷ್ಟು ಕಡಿಮೆಯಿರುವಾಗ ಅಂಗಡಿಯವರಿಗೆ ಉಳಿಯುವುದೇನು? ಮಾರಾಟ ಮಳಿಗೆಗೇ ಹೋಗಬೇಕು, ಹೋಗುವುದಾದರೆ ಕಚೇರಿ ವೇಳೆಯಲ್ಲಿ, ಎರಡನೇ ಮತ್ತು ನಾಲ್ಕನೇ ಶನಿವಾರ ತಪ್ಪಿಸಿ, ಊಟದ ಹೊತ್ತು ತಪ್ಪಿಸಿ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪುಸ್ತಕ ಇದೆ ಎಂದುಕೊಳ್ಳಬೇಡಿ. ಮೂರನೇ ಸಂಪುಟ ಇಲ್ಲ, ಏಳನೆಯದು ಇಲ್ಲ, ಉಳಿದವು ಇವೆ ಎಂಬ ಉತ್ತರ ಮಾಮೂಲು. ಇರುವಷ್ಟನ್ನು ಕೊಂಡುಬಿಡಿ. ಪೂರ್ತಿ ಸೆಟ್ಟು ಬರಲಿ ಎಂದು ಕಾದವರಿಗೆ ಮುಂದಿನ ಸಲ ಐದನೆಯದೂ ಇರುವುದಿಲ್ಲ. ಬೆಂಗಳೂರಿನವರು ಜೆ.ಸಿ. ರಸ್ತೆಯ ಕನ್ನಡ ಭವನದಿಂದ ಶುರು ಮಾಡಬಹುದು. ಚಾಮರಾಜಪೇಟೆಯ ಪರಿಷತ್ತು ಅಲ್ಲಿಂದ ದೂರವಿಲ್ಲ. ರಾಜ್ಯೋತ್ಸವದ ನವೆಂಬರ್‌ನಲ್ಲಿ ಇಂಥ ಸಂಸ್ಥೆಗಳು ದೊಡ್ಡ ರಿಯಾಯಿತಿ ಪ್ರಕಟಿಸುವುದುಂಟು, ಆದ್ದರಿಂದ ಅಕ್ಟೋಬರ್‌ನಲ್ಲಿ ಕೊಳ್ಳುವುದು ದಂಡ.

ಅಲೆದಾಟ ಬೇಡವೆಂದರೆ ಸಾಹಿತ್ಯ ಸಮ್ಮೇಳನಕ್ಕೆ ಹೋಗಿ. 2023ರ ಜನವರಿಯಲ್ಲಿ ಹಾವೇರಿಯಲ್ಲಿ, 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದವಲ್ಲ, ಅಲ್ಲೆಲ್ಲ ಗೋಷ್ಠಿಯ ಪೆಂಡಾಲಿಗಿಂತ ಪುಸ್ತಕ ಮಳಿಗೆಗಳ ಸಾಲಿನಲ್ಲೇ ಜನ ಜಾಸ್ತಿ. ಪ್ರಸಾರಾಂಗಗಳು, ಅಕಾಡೆಮಿಗಳು, ಕಲಬುರಗಿ, ಗದಗ, ಬೆಳಗಾವಿ ಕಡೆಯ ಸಣ್ಣ ಪ್ರಕಾಶಕರು, ಮಠಗಳ ಪ್ರಕಟಣೆಗಳು, ಹೆಗಲಿಗೆ ಚೀಲ ಹಾಕಿಕೊಂಡು ಸ್ವಂತ ಕವನ ಸಂಕಲನ ಮಾರುವ ಕವಿಗಳು, ಎಲ್ಲರೂ ಒಂದೇ ಮೈದಾನದಲ್ಲಿ. ಇಡೀ ರಾಜ್ಯದ ಪುಸ್ತಕ ಲೋಕವನ್ನು ಒಂದೇ ಹಗಲಿನಲ್ಲಿ ಸುತ್ತುವ ಅವಕಾಶ ಬೇರೆ ಯಾವುದೂ ಕೊಡುವುದಿಲ್ಲ. ಮೊದಲ ದಿನ ಆಯ್ಕೆ ಜಾಸ್ತಿ, ಧೂಳೂ ಜಾಸ್ತಿ. ಕೊನೆಯ ದಿನ ಮಧ್ಯಾಹ್ನದ ಮೇಲೆ ವಾಪಸ್ ಹೊರುವ ಭಾರ ತಪ್ಪಲಿ ಎಂದು ಬೆಲೆ ಇಳಿಸುತ್ತಾರೆ, ಆದರೆ ಒಳ್ಳೆಯವು ಅಷ್ಟರಲ್ಲಿ ಖಾಲಿ. ಪಟ್ಟಿ ಹಿಡಿದು ಹೋಗುವವರು ಮೊದಲ ದಿನ ಹೋಗಲಿ. ಬೆಂಗಳೂರಿನಲ್ಲಿ 2025ರಲ್ಲಿ ವಿಧಾನಸೌಧದ ಆವರಣದಲ್ಲೇ ಪುಸ್ತಕ ಮೇಳ ನಡೆಯಿತು. ಬಡಾವಣೆಗಳಲ್ಲಿ ಪುಸ್ತಕ ಸಂತೆಗಳೂ ಈಗ ಸೇರುತ್ತವೆ. ಇಂಥವು ಹೊಸ ಪುಸ್ತಕಕ್ಕೆ ಚೆನ್ನ.

ಹಳೆಯ ಪುಸ್ತಕ

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ಗಳ ಮುಖ್ಯ ಸರಕು ಇಂಗ್ಲಿಷ್. 1945ರಿಂದ ನಡೆದುಬಂದಿರುವ ಸೆಲೆಕ್ಟ್ ಅಪರೂಪದ ಪುಸ್ತಕಗಳಿಗೆ ಹೆಸರಾದದ್ದು. ಹಳೆಯ ಕನ್ನಡಕ್ಕೆ ಅವೆನ್ಯೂ ರಸ್ತೆಯೇ ಸರಿ. ಅಲ್ಲಿ ಹಳೆಯ ಪಠ್ಯಪುಸ್ತಕಗಳ ರಾಶಿಯಡಿಯಲ್ಲಿ, ಯಾವುದೋ ಮನೆ ಖಾಲಿ ಮಾಡಿದಾಗ ಬಂದ ಗಂಟಿನಲ್ಲಿ, ಮರುಮುದ್ರಣ ಕಾಣದ ಪುಸ್ತಕಗಳು ಸಿಗುತ್ತವೆ. ಆಗ ಹೇಳಿದ ಸೋವಿಯತ್ ಪುಸ್ತಕಗಳೂ ಅಷ್ಟೆ, 1991ರಲ್ಲಿ ಆ ದೇಶವೇ ಇಲ್ಲವಾದ ಮೇಲೆ ಹೊಸ ಪ್ರತಿ ಎಲ್ಲಿಂದ ಬರಬೇಕು? ಕೊಳ್ಳುವಾಗ ಮೊದಲ ಹದಿನಾರು ಪುಟ ಮತ್ತು ಕೊನೆಯ ಹದಿನಾರು ಪುಟ ಎಣಿಸಿ, ಹೊಲಿಗೆ ಬಿಚ್ಚಿ ಕಳಚುವುದು ಆ ಹದಿನಾರು ಪುಟದ ಕಟ್ಟುಗಳೇ. ಗ್ರಂಥಾಲಯದ ಮೊಹರು ಇದ್ದು "ರದ್ದು" ಎಂಬ ಗುರುತು ಇಲ್ಲದಿದ್ದರೆ ಬಿಟ್ಟುಬಿಡಿ. ಕಾಗದ ತೆಳುವಾಗಿದ್ದು ಅಕ್ಷರ ಮಸಕಾಗಿ, ಮುಖಪುಟದ ಬಣ್ಣ ಕೆಟ್ಟಿದ್ದರೆ ಅದು ಹಳೆಯದಲ್ಲ, ಕದ್ದು ಅಚ್ಚು ಮಾಡಿದ್ದು.

ಅಪರೂಪವೆಂದು ಹೆಚ್ಚು ಬೆಲೆ ಕೊಡುವ ಮುಂಚೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ ನೋಡಿ. ಸಾವಿರಾರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಲ್ಲಿಟ್ಟಿದ್ದಾರೆ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ, ಗಳಗನಾಥರು 1942ರಲ್ಲಿ, ಬಿಎಂಶ್ರೀ 1946ರಲ್ಲಿ ತೀರಿಕೊಂಡವರು, ಹಾಗಾಗಿ ಅವರ ಬರಹ ಎಲ್ಲರ ಸ್ವತ್ತು. ಡಿವಿಜಿಯವರು ಹೋದದ್ದು 1975ರಲ್ಲಿ. ಅವರ ಪುಸ್ತಕಗಳ ಪಿಡಿಎಫ್ ಎಷ್ಟೇ ಗುಂಪುಗಳಲ್ಲಿ ಓಡಾಡುತ್ತಿದ್ದರೂ 2035ರ ಕೊನೆಯವರೆಗೆ ಅದು ಹಕ್ಕಿನ ಸ್ವತ್ತೇ.

ಇ-ಪುಸ್ತಕ

2016ರ ಕೊನೆಗೆ ಅಮೆಜಾನ್‌ನ ಇ-ಪುಸ್ತಕ ಸೇವೆಯಾದ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದಾಗ ಕನ್ನಡವನ್ನು ಸೇರಿಸಲಿಲ್ಲ. ಆ ಸಿಟ್ಟು ಒಳ್ಳೆಯದನ್ನೇ ಮಾಡಿತು ಅನ್ನಿ. 2020ರಲ್ಲಿ ಮೈಲ್ಯಾಂಗ್ ಎಂಬ ಕನ್ನಡದ್ದೇ ಆ್ಯಪ್ ಬಂತು, ಇ-ಪುಸ್ತಕ, ಕೇಳುಪುಸ್ತಕ ಎರಡೂ ಅಲ್ಲಿವೆ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಸಿಗುತ್ತದೆ. ಹೊರದೇಶದಲ್ಲಿರುವ ಕನ್ನಡಿಗರಿಗೆ ನನ್ನ ಮೊದಲ ಸಲಹೆ ಇದೇ, ಏಕೆಂದರೆ ಪುಸ್ತಕದ ಬೆಲೆಗಿಂತ ಅದನ್ನು ಕಳಿಸುವ ಖರ್ಚು ಹಲವು ಪಟ್ಟು. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದಾದ್ದರಿಂದ ವಯಸ್ಸಾದವರಿಗೂ ಅನುಕೂಲ. ಕಾದಂಬರಿ, ಕತೆ, ಪ್ರವಾಸಕಥನ ಓದಲು ಚೆನ್ನ. ಅಡಿಟಿಪ್ಪಣಿ ಹೆಚ್ಚಿರುವ ಸಂಶೋಧನೆಗೆ, ಹಿಂದೆ ಮುಂದೆ ತಿರುವಿ ನೋಡುವ ನಿಘಂಟಿಗೆ, ಸಾಲಿನ ಜೋಡಣೆಯೇ ಮುಖ್ಯವಾದ ಕವಿತೆಗೆ ನಾನು ಕಾಗದವನ್ನೇ ಆರಿಸುತ್ತೇನೆ. ಕೊಂಡದ್ದನ್ನು ಓದಿ ತಂಗಿಗೆ ಕೊಡುವ ಹಾಗಿಲ್ಲ ಎಂಬುದೂ ಲೆಕ್ಕದಲ್ಲಿರಲಿ.

ಕೊಳ್ಳದೆ ಓದುವ ದಾರಿ

ಇದನ್ನು ಆಯ್ಕೆಗಳ ಪಟ್ಟಿಯಿಂದ ಬಿಡುವ ಹಾಗಿಲ್ಲ, ಏಕೆಂದರೆ ಇದಕ್ಕೆ ನೀವು ಹಣ ಕೊಟ್ಟಾಗಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತಿದ್ದೀರಿ. ಇಲಾಖೆ ಆರಿಸಿದ ಪುಸ್ತಕಗಳನ್ನು ಸಗಟಾಗಿ ಕೊಂಡು ಜಿಲ್ಲೆಗಳಿಗೆ ಹಂಚುತ್ತದೆ, ಪುಟಕ್ಕಿಷ್ಟು ಎಂಬ ದರದಲ್ಲಿ. ಈ ಖರೀದಿಯನ್ನೇ ನೆಚ್ಚಿ ಅಚ್ಚಾಗುವ ಪುಸ್ತಕಗಳು ಎಷ್ಟೋ ಇವೆ. ಅಂಗಡಿಯಲ್ಲೂ ಕಾಣವು, ಜಾಲತಾಣದಲ್ಲೂ ಕಾಣವು, ಲೇಖಕರ ಮನೆಯಲ್ಲಿ ಒಂದಷ್ಟು, ಉಳಿದವು ನೇರ ಗ್ರಂಥಾಲಯಕ್ಕೆ. ಎಲ್ಲ ಕಡೆ ಹುಡುಕಿ ಸಿಗದೇಹೋದ ಇತ್ತೀಚಿನ ಪುಸ್ತಕವೊಂದು ನಿಮ್ಮ ಜಿಲ್ಲಾ ಕೇಂದ್ರ ಗ್ರಂಥಾಲಯದ ಕಪಾಟಿನಲ್ಲಿ, ಇನ್ನೂ ಯಾರೂ ತೆರೆಯದೆ, ಇದ್ದರೂ ಇದ್ದೀತು. ಠೇವಣಿ ಕಟ್ಟಿ ಸದಸ್ಯರಾದರೆ ಮನೆಗೇ ಒಯ್ಯಬಹುದು.